ನೀವು ಓದುತ್ತಿರುವುದು 1616ರ ಪುಸ್ತಕ

ಪ್ರಶ್ನೆ: ಚೀನಾದ ಗುವಾನ್ ಹಾನ್‌ಚಿಂಗ್ ಬರೆದ ‘ದೌ ಎಗಾದ ಅನ್ಯಾಯ’ವನ್ನು ನಮ್ಮ ಹವ್ಯಾಸಿ ತಂಡ ಕನ್ನಡಕ್ಕೆ ತರಬೇಕೆಂದಿದೆ. ನಮಗೆ ಸಿಕ್ಕ ಇಂಗ್ಲಿಷ್ ಅನುವಾದದ ಮುನ್ನುಡಿ ಇದು 13ನೇ ಶತಮಾನದ ನಾಟಕ ಅನ್ನುತ್ತದೆ. ಅಡಿಟಿಪ್ಪಣಿ ನೋಡಿದರೆ ಪಾಠ 1616ರ ಮುದ್ರಣದ್ದು ಎಂದಿದೆ. ನಡುವಿನ ಮುನ್ನೂರು ವರ್ಷ ಈ ನಾಟಕಗಳು ಎಲ್ಲಿದ್ದವು? ಇವು ಮೇರುಕೃತಿಗಳು ಎಂದು ಯಾರು, ಯಾವಾಗ ತೀರ್ಮಾನಿಸಿದರು? ನಾವು ಯಾವ ಪಾಠ ಹಿಡಿಯಬೇಕು?

ಉತ್ತರ: ಅಡಿಟಿಪ್ಪಣಿಯನ್ನು ನಂಬಿ. ಕಥೆ ಗುವಾನ್‌ನದು ಎನ್ನಲು ಅಡ್ಡಿಯಿಲ್ಲ. ಆದರೆ ನಿಮ್ಮ ಮುಂದಿರುವ ಸಾಲುಗಳನ್ನು ಈ ರೂಪಕ್ಕೆ ತಂದವನು ಝಾಂಗ್ ಮಾವೊಶುನ್ ಎಂಬ ಮಿಂಗ್ ಕಾಲದ (1368–1644) ಸಂಪಾದಕ. ಆ ಸಾಲುಗಳಿಗೆ ‘ಜಗತ್ತಿನ ಮಹಾ ದುರಂತ ನಾಟಕ’ ಎಂಬ ಪಟ್ಟ ಸಿಕ್ಕಿದ್ದು ಇನ್ನೂ ಮುನ್ನೂರು ವರ್ಷದ ನಂತರ, ವಾಂಗ್ ಗುವೊವೇ ಎಂಬ ವಿದ್ವಾಂಸನ ಕೈಯಲ್ಲಿ. ಯಾವ ಪಾಠ ಎಂಬ ಕೊನೆಯ ಪ್ರಶ್ನೆಗೆ ಉತ್ತರ ಈ ಇಬ್ಬರು ಮಾಡಿದ್ದೇನು ಎಂಬುದರಲ್ಲೇ ಅಡಗಿದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಯುವಾನ್ ಅರಸರ ಕಾಲದ (1271–1368) ಉತ್ತರ ಚೀನಾದ ನಾಟಕಕ್ಕೆ ಝಾಜು ಎಂದು ಹೆಸರು. ಅದರ ಕಟ್ಟಳೆ ಬಿಗಿ. ನಾಲ್ಕು ಹಾಡುಗೊಂಚಲು ಇರಬೇಕು, ಒಂದು ಗೊಂಚಲಿನ ಹಾಡುಗಳೆಲ್ಲ ಒಂದೇ ಸ್ವರವರ್ಗದಲ್ಲಿ, ಒಂದೇ ಪ್ರಾಸದಲ್ಲಿ ಸಾಗಬೇಕು. ಕಥೆಗೆ ಸಂದು ಬಿದ್ದಲ್ಲಿ ಒಂದೆರಡು ಹಾಡಿನ ಪುಟ್ಟ ದೃಶ್ಯ ಸೇರಿಸಬಹುದು, ಅದನ್ನು ‘ಬೆಣೆ’ ಎನ್ನುತ್ತಾರೆ. ನಾಲ್ಕು ಗೊಂಚಲನ್ನೂ ಹಾಡುವ ನಟ ಒಬ್ಬನೇ, ಪ್ರಧಾನ ಪುರುಷ ವೇಷದವನು ಇಲ್ಲವೇ ಪ್ರಧಾನ ಸ್ತ್ರೀ ವೇಷದವಳು. ಮಿಕ್ಕವರದು ಬರೀ ಮಾತು.

ಯುವಾನ್ ಕಾಲದಲ್ಲೇ ಅಚ್ಚಾದ ಝಾಜು ಎಷ್ಟು ಉಳಿದಿವೆ ಗೊತ್ತೇ? ಮೂವತ್ತು. ಅವೂ ಪೇಟೆಯ ಅಗ್ಗದ ಮರದಚ್ಚಿನ ಪ್ರತಿಗಳು. ಕೆಲವಕ್ಕೆ ‘ದಾದೂವಿನಲ್ಲಿ ಹೊಸದಾಗಿ ಜೋಡಿಸಿದ್ದು’ (ದಾದೂ ಎಂದರೆ ಇಂದಿನ ಬೀಜಿಂಗ್), ಕೆಲವಕ್ಕೆ ‘ಹಳೆ ಹಾಂಗ್‌ಝೌನಲ್ಲಿ ಹೊಸದಾಗಿ ಅಚ್ಚಾದದ್ದು’ ಎಂಬ ಜಾಹೀರಾತಿನ ತಲೆಬರಹ. ಒಳಗೆ ಅಕ್ಷರ ಒರಟು, ಒಂದು ಅಕ್ಷರದ ಬದಲು ಅದೇ ಉಚ್ಚಾರದ ಇನ್ನೊಂದು ಅಕ್ಷರ, ಮಾತಂತೂ ಇಲ್ಲವೆನ್ನುವಷ್ಟು ಕಡಿಮೆ. ಹಾಡುಗಳು ಒಂದರ ಹಿಂದೊಂದು ಬರುತ್ತವೆ, ನಡುವೆ ‘ಇನ್ನೊಬ್ಬ ಹೇಳಿ ಆಯಿತು’ ಎಂಬಂಥ ಸೂಚನೆ. ಅವನು ಏನು ಹೇಳಿದ ಎಂದು ಪುಸ್ತಕ ಬಾಯಿಬಿಡುವುದಿಲ್ಲ. ಯಕ್ಷಗಾನದ ಪ್ರಸಂಗ ಪುಸ್ತಕ ಬಿಡಿಸಿ ನೋಡಿದವರಿಗೆ ಇದು ವಿಚಿತ್ರ ಅನಿಸದು. ಅಲ್ಲೂ ಪದ್ಯ ಮಾತ್ರ ಅಚ್ಚು, ಅರ್ಥ ವೇಷಧಾರಿಯದು. ನಿಮ್ಮ ‘ದೌ ಎ’ ಈ ಮೂವತ್ತರಲ್ಲಿ ಇಲ್ಲ. ಅಂದರೆ ಆ ನಾಟಕದ ಯುವಾನ್ ಕಾಲದ ಪ್ರತಿ ಯಾರ ಬಳಿಯೂ ಇಲ್ಲ.

ಹಾಗೆಂದು ಇದು ಸಂಪೂರ್ಣ ಮರೆತುಹೋಗಿ ಆಮೇಲೆ ಕಂಡುಹಿಡಿದ ಸಾಹಿತ್ಯವಲ್ಲ. ಆ ಕಾಲದಲ್ಲೇ ಇದಕ್ಕೆ ವಕಾಲತ್ತು ವಹಿಸಿದವರಿದ್ದರು. 1324ರಲ್ಲಿ ಝೌ ದೆಚಿಂಗ್ ಪ್ರಾಸಗಳ ಕೈಪಿಡಿ ಬರೆದು ಗುವಾನ್, ಝೆಂಗ್, ಬಾಯ್, ಮಾ ಎಂದು ನಾಲ್ವರ ಹೆಸರು ಎತ್ತಿ ಹೇಳಿದ. ಇವತ್ತಿಗೂ ಶಾಲಾ ಪಠ್ಯದಲ್ಲಿ ಬರುವ ‘ಯುವಾನ್‌ನ ನಾಲ್ವರು ಮಹಾಕವಿಗಳು’ ಇವರೇ: ಗುವಾನ್ ಹಾನ್‌ಚಿಂಗ್, ಝೆಂಗ್ ಗುವಾಂಗ್‌ಝು, ಬಾಯ್ ಪು, ಮಾ ಝಿಯುವಾನ್. ಆರು ವರ್ಷದ ನಂತರ, 1330ರಲ್ಲಿ, ಝೊಂಗ್ ಸಿಚೆಂಗ್ ‘ದೆವ್ವಗಳ ದಾಖಲೆ’ ಎಂಬ ಹೆಸರಿನ ಪುಸ್ತಕಕ್ಕೆ ಮುನ್ನುಡಿ ಬರೆದ. 150ಕ್ಕೂ ಹೆಚ್ಚು ಬರಹಗಾರರು, 400ಕ್ಕೂ ಹೆಚ್ಚು ನಾಟಕಗಳ ಹೆಸರು ಅದರಲ್ಲಿವೆ. ತೀರಿಕೊಂಡ ಹಿರಿಯ ನಾಟಕಕಾರರಲ್ಲಿ ಮೊದಲ ಹೆಸರು ಗುವಾನ್‌ನದು. ಸತ್ತೂ ಸಾಯದ ದೆವ್ವಗಳ ಪಟ್ಟಿ ಇದು ಎಂಬುದು ಝೊಂಗ್‌ನ ಧಾಟಿ. ಧರ್ಮಶಾಸ್ತ್ರದ ದೊಡ್ಡವರು ಇದನ್ನು ಗುರುಪೀಠಕ್ಕೆ ಮಾಡಿದ ಅಪರಾಧ ಎಂದರೆ ಎನ್ನಲಿ, ನಾವು ಚಿಪ್ಪುಮೀನು ತಿನ್ನುತ್ತಾ ರುಚಿ ಬಲ್ಲವರ ಜೊತೆ ಮಾತಾಡೋಣ ಎಂದೂ ಅವನು ಬರೆದಿದ್ದಾನೆ. ನಾಟಕ ಬರೆದವರ ಸಾಮಾಜಿಕ ಸ್ಥಾನ ಏನಿತ್ತು ಎಂದು ಇದಕ್ಕಿಂತ ಚೆನ್ನಾಗಿ ಹೇಳುವ ಸಾಲು ನನಗೆ ಕಂಡಿಲ್ಲ.

ಗುವಾನ್‌ನಿಗೆ ಮೊದಲ ಸ್ಥಾನ ಯಾವಾಗಲೂ ಇರಲಿಲ್ಲ, ಇದನ್ನು ಗಮನಿಸಿ. ಮಿಂಗ್ ರಾಜಕುಮಾರ ಝು ಚುವಾನ್ 1398ರ ಮುನ್ನುಡಿಯುಳ್ಳ ತನ್ನ ಗ್ರಂಥದಲ್ಲಿ ಕವಿಗಳಿಗೆ ದರ್ಜೆ ಹಚ್ಚಿದ. ಮಾ ಝಿಯುವಾನ್ ಎಲ್ಲರಿಗಿಂತ ಮೇಲೆ, ‘ಬೆಳಗಿನ ಬಿಸಿಲಿಗೆ ಕೂಗುವ ಫೀನಿಕ್ಸ್’. ಗುವಾನ್ ‘ರತ್ನದೌತಣದಲ್ಲಿ ಕುಡಿದು ಅಮಲೇರಿದ ಅತಿಥಿ’. ಇಷ್ಟೇ ಆಗಿದ್ದರೆ ಹೊಗಳಿಕೆ ಎನ್ನಬಹುದಿತ್ತು. ಝು ಮುಂದುವರಿದು, ಇವನ ಪ್ರತಿಭೆ ಮೇಲೂ ಇಡಬಹುದು ಕೆಳಗೂ ಇಡಬಹುದು ಎಂಬಂಥದ್ದು, ಝಾಜು ಶುರುಮಾಡಿದವನು ಎಂಬ ಕಾರಣಕ್ಕೆ ಮುಂದಿನ ಸಾಲಿನಲ್ಲಿ ಕೂರಿಸಿದ್ದೇನೆ ಎಂದುಬಿಟ್ಟ. ಅರಮನೆಯ ಕಿವಿಗೆ ಮಾ ಝಿಯುವಾನ್‌ನ ಸಂಸ್ಕರಿಸಿದ ಪದ್ಯ ಇಂಪಾಗಿತ್ತು, ಗುವಾನ್‌ನ ಬೀದಿಮಾತು ಅಷ್ಟಲ್ಲ. 20ನೇ ಶತಮಾನದಲ್ಲಿ ಇದೇ ಬೀದಿಮಾತು ಗುವಾನ್‌ನನ್ನು ಪೀಠಕ್ಕೇರಿಸಿತು.

ಅರಮನೆ ಇನ್ನೊಂದು ಕೆಲಸವನ್ನೂ ಮಾಡಿತು. ಮಿಂಗ್ ಆಸ್ಥಾನಕ್ಕೆ ಝಾಜು ಬೇಕಿತ್ತು, ಆದರೆ ಸೋಸಿದ ಝಾಜು ಬೇಕಿತ್ತು. 1411ರ ಆಜ್ಞೆಯೊಂದು ಚಕ್ರವರ್ತಿಗಳನ್ನೂ ಪುರಾತನ ಋಷಿಗಳನ್ನೂ ರಂಗದ ಮೇಲೆ ತರುವ ನಾಟಕಗಳನ್ನು ನಿಷೇಧಿಸಿತು. ಪ್ರತಿ ಇಟ್ಟುಕೊಂಡವರು ಐದು ದಿನದೊಳಗೆ ಸುಡಿಸಲು ಒಪ್ಪಿಸಬೇಕು, ತಪ್ಪಿದರೆ ಮನೆಮಂದಿಗೆಲ್ಲ ಮರಣದಂಡನೆ. ಅರಮನೆಯಲ್ಲಿ ಆಡುವ ಪಾಠಕ್ಕೆ ಮೊದಲೇ ಅನುಮತಿ ಬೇಕಾದ್ದರಿಂದ ಪ್ರತಿಯೊಂದು ಮಾತನ್ನೂ ಬರೆದಿಡಬೇಕಾಯಿತು. ಯುವಾನ್ ಮುದ್ರಣದಲ್ಲಿ ನಟನ ಬಾಯಿಗೇ ಬಿಟ್ಟಿದ್ದ ಮಾತು ಹೀಗೆ ಲಿಖಿತ ಪಾಠವಾಯಿತು. ಕಚೇರಿಯ ಗುಮಾಸ್ತಿಕೆಯೇ ನಾಟಕವನ್ನು ‘ಓದುವ’ ವಸ್ತುವಾಗಿಸಿತು ಅಂದರೂ ನಡೆದೀತು.

ಹದಿನಾರನೇ ಶತಮಾನದ ನಡುವಿಗೆ ಬರುವಷ್ಟರಲ್ಲಿ ರಂಗದ ಮೇಲೆ ದಕ್ಷಿಣದ ಶೈಲಿಗಳದ್ದೇ ಜೋರು. ಉತ್ತರದ ಹಾಡು ಹಾಡಬಲ್ಲವರು ಕಡಿಮೆಯಾದರು. ವಿಮರ್ಶಕರು ಹಳೆಯದರ ಕಡೆ ತಿರುಗಿದ್ದು ಆಗಲೇ. ಶಾನ್‌ಡಾಂಗ್‌ನ ಲಿ ಕೈಶಿಯಾನ್ (1502–1568) ತನ್ನ ಬಳಿಯಿದ್ದ ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ಹರವಿ, ಶಿಷ್ಯನಿಂದ ಆರಿಸಿದಾಗ ಐವತ್ತು ದಕ್ಕಿದವು. ಐವತ್ತನ್ನೂ ಕೆತ್ತಿಸುವ ಶಕ್ತಿ ಇಲ್ಲದೆ ಹದಿನಾರಕ್ಕೆ ಇಳಿದ. ಆ ಹದಿನಾರರಲ್ಲಿ ಇಂದು ಉಳಿದಿರುವುದು ಆರು. ಪುಸ್ತಕದ ಹೆಸರಲ್ಲೇ ‘ತಿದ್ದಿದ’ ಎಂಬ ಪದವಿದೆ, ಲಿ ಅದನ್ನು ಮುಚ್ಚಿಡಲಿಲ್ಲ. ಅತ್ತ ಹೆ ಲಿಯಾಂಗ್‌ಜುನ್ ಮತ್ತು ವಾಂಗ್ ಶಿಝೆನ್ ನಡುವೆ ಯಾವ ನಾಟಕ ಮೇಲು ಎಂಬ ವಾಗ್ವಾದ ಶುರುವಾಯಿತು. ಹೆಗೆ ಝೆಂಗ್ ಗುವಾಂಗ್‌ಝುವಿನ ಹಳೆಯ ಸರಳತೆ ಇಷ್ಟ, ವಾಂಗ್‌ಗೆ ಪಾಂಡಿತ್ಯದ ಸೊಗಸು ಇಷ್ಟ. ಈ ಜಗಳದ ವಿವರ ನಿಮ್ಮ ನಾಟಕಕ್ಕೆ ಬೇಕಿಲ್ಲ. ಅದರಲ್ಲಿ ಓಡಾಡಿದ ಒಂದು ಪದ ಬೇಕು: ‘ಬೆನ್ಸೆ’, ಅಂದರೆ ಸಹಜ ಬಣ್ಣ, ಬಳಿಯದ ಬಣ್ಣ. ಯುವಾನ್ ನಾಟಕವನ್ನು ಹೊಗಳುವಾಗ ಇವತ್ತಿಗೂ ಬಳಸುವ ಅಳತೆಗೋಲು ಅದೇ.

ಈಗ ಝಾಂಗ್ ಮಾವೊಶುನ್. ಝೆಜಿಯಾಂಗ್‌ನ ಚಾಂಗ್‌ಶಿಂಗ್‌ನವನು, 1550ರಲ್ಲಿ ಹುಟ್ಟಿದ, 1580ರಲ್ಲಿ ಉನ್ನತ ಪರೀಕ್ಷೆ ಪಾಸಾದ. ನಾನ್‌ಜಿಂಗ್‌ನ ರಾಜ ವಿದ್ಯಾಲಯದಲ್ಲಿ ಕೆಲಸದಲ್ಲಿದ್ದವನನ್ನು ನಡತೆಯ ಆರೋಪದ ಮೇಲೆ 1585ರಲ್ಲಿ ತೆಗೆದುಹಾಕಿದರು. ಮುಂದಿನ ಬದುಕು ಪುಸ್ತಕಗಳದ್ದು. ಕಾವಲು ದಳದ ಅಧಿಕಾರಿ ಲಿಯು ಚೆಂಗ್‌ಶಿಯ ಮನೆಯಿಂದ ಇನ್ನೂರಕ್ಕೂ ಮಿಕ್ಕಿ ಹಸ್ತಪ್ರತಿ ಎರವಲು ತಂದ, ಅವು ಅರಮನೆಯ ನಾಟಕ ಕಚೇರಿಯಿಂದ ನಕಲಾದವು ಎಂಬುದು ಅವನ ಹೇಳಿಕೆ. ಅವನ್ನು ಪೇಟೆ ಮುದ್ರಣಗಳ ಜೊತೆ ಹೋಲಿಸಿ, ಆರಿಸಿ, ತಿದ್ದಿ 1615ರಲ್ಲಿ ಐವತ್ತು, 1616ರಲ್ಲಿ ಇನ್ನೈವತ್ತು ನಾಟಕ ಅಚ್ಚುಹಾಕಿಸಿದ. ಮೊದಲ ಐವತ್ತನ್ನು ಆಳಿನ ಕೈಲಿ ರಾಜಧಾನಿಗೆ ಮಾರಲು ಕಳಿಸಿ, ಬಂದ ಹಣದಲ್ಲಿ ಮಿಕ್ಕದ್ದನ್ನು ಕೆತ್ತಿಸುವ ಯೋಜನೆ. ಹೆಸರು ‘ಯುವಾನ್‌ಚು ಶುವಾನ್’, ಯುವಾನ್ ಹಾಡುನಾಟಕಗಳ ಆಯ್ಕೆ. ನೂರರಲ್ಲಿ 94 ಯುವಾನ್ ಕಾಲದವು ಎಂದೂ 6 ಮಿಂಗ್ ಆರಂಭದವು ಎಂದೂ ಲೆಕ್ಕ.

ಝಾಂಗ್ ಏನು ಮಾಡಿದ ಎಂದು ಅವನ ಬಾಯಲ್ಲೇ ಕೇಳಬಹುದು. ಗೆಳೆಯನಿಗೆ ಬರೆದ ಪತ್ರದಲ್ಲಿ, ಮುಪ್ಪಿನ ಆಲಸ್ಯದಲ್ಲಿ ಆಟದಂತೆ ಈ ನಾಟಕಗಳ ಕಳೆ ಕಿತ್ತೆ, ಸರಿಯಿಲ್ಲದ ಕಡೆ ನನ್ನ ಬುದ್ಧಿಗೆ ತೋಚಿದಂತೆ ಬದಲಿಸಿದೆ, ಯುವಾನ್ ಕವಿಗಳ ಗುಟ್ಟು ನನಗೆ ಸಿಕ್ಕಿದೆ ಅಂದುಕೊಂಡಿದ್ದೇನೆ ಎಂಬ ಅರ್ಥದ ಮಾತಿದೆ. ‘ಸರಿಯಿಲ್ಲದ ಕಡೆ’ ಎಂದರೆ ಎಲ್ಲೆಲ್ಲ? ನೂರು ನಾಟಕಕ್ಕೂ ಒಂದೇ ಅಚ್ಚು: ಅಂಕಗಳಿಗೆ ಅಂಕ ಎಂದೇ ಹೆಸರು, ಬೆಣೆಗೆ ಪ್ರತ್ಯೇಕ ಗುರುತು, ಪಾತ್ರ ಒಳಬರುವಾಗ ಪದ್ಯ, ಕೊನೆಯಲ್ಲಿ ಕಥೆಯನ್ನು ಹಿಡಿದಿಡುವ ಜೋಡಿಸಾಲು. ಯುವಾನ್ ಮುದ್ರಣದಲ್ಲಿ ಅಂಕದ ತಲೆಪಟ್ಟಿಯೇ ಇರಲಿಲ್ಲ. ಹಾಡಿನೊಳಗೆ ಛಂದಸ್ಸಿನಾಚೆ ತುಂಬುವ ಆಡುಮಾತಿನ ಪದಗಳನ್ನು ತೂಗಿ ಜೋಡಿಸಿದ, ಎದುರುಬದುರಾಗುವ ಸಾಲುಗಳನ್ನು ಕನ್ನಡಿಯಂತೆ ಹೊಂದಿಸಿದ. ನಾಲ್ಕನೆಯ ಅಂಕ ಸಣಕಲಾಗಿ ಕಂಡರೆ ಅಲ್ಲಿ ಹಾಡು ಸೇರಿಸಿದ.

ನಿಮ್ಮ ನಾಟಕದಿಂದಲೇ ಒಂದು ಜಾಗ ಹತ್ತಿರದಿಂದ ನೋಡಿ. ಮೂರನೆಯ ಅಂಕ, ಮಾಡದ ಕೊಲೆಗೆ ಮರಣದಂಡನೆ ಪಡೆದ ದೌ ಎ ನಡೆಯುವ ವಧಾಸ್ಥಾನದ ದಾರಿ, ‘ಉರುಳುವ ಕಸೂತಿ ಚೆಂಡು’ ಎಂಬ ಮಟ್ಟು. ಝಾಂಗ್‌ಗಿಂತ ಹಳೆಯದು ‘ಗು ಮಿಂಗ್‌ಜಿಯಾ ಝಾಜು’ ಎಂಬ ಸಂಗ್ರಹ, 1588ರ ಸುಮಾರಿನದು. ಅದರಲ್ಲಿ ದೌ ಎ ಹಾಡುವುದು ಹೀಗೆ:

ಭೂಮಿಯೇ, ಒಳಿತು ಕೆಡುಕು ಬೇರ್ಪಡಿಸದೆ ನೀ ಭೂಮಿಯಾಗುವುದು ಕಷ್ಟ;
ಆಕಾಶವೇ, ಅನ್ಯಾಯ ಹೊತ್ತು ನಾನಿಂದು ಆಕಾಶಕ್ಕೆ ಮೊರೆಯಿಡುತ್ತೇನೆ.

ಝಾಂಗ್‌ನಲ್ಲಿ:

ಭೂಮಿಯೇ, ಒಳಿತು ಕೆಡುಕು ಬೇರ್ಪಡಿಸದ ನೀನೆಂಥ ಭೂಮಿ!
ಆಕಾಶವೇ, ಸಜ್ಜನ ಮೂಢರ ತಪ್ಪಾಗಿ ತೂಗಿ ನೀ ಬರಿದೇ ಆಕಾಶ!

ಹಳೆಯ ಪಾಠದಲ್ಲಿ ಅವಳು ಭೂಮಿಯನ್ನು ಬೈದು ಆಕಾಶದ ಕಾಲು ಹಿಡಿಯುತ್ತಾಳೆ. ಝಾಂಗ್‌ನ ಪಾಠದಲ್ಲಿ ಎರಡನ್ನೂ ಕಟಕಟೆಗೆ ಹತ್ತಿಸುತ್ತಾಳೆ. ಎರಡೂ ಸಾಲು ಒಂದೇ ಅಚ್ಚಿನಲ್ಲಿ ನಿಂತವು, ಛಂದಸ್ಸಿನ ಕಣ್ಣಿಗೆ ಅದೇ ಉತ್ತಮ. ಆದರೆ ಪಾತ್ರವೇ ಬೇರೆಯಾಯಿತು ನೋಡಿ. ಚೀನೀ ಪಠ್ಯಪುಸ್ತಕಗಳಲ್ಲಿ ಗುವಾನ್‌ನ ಬಂಡಾಯ ಮನೋಭಾವಕ್ಕೆ ಸಾಕ್ಷಿಯಾಗಿ ಮತ್ತೆ ಮತ್ತೆ ಬರುವ ಸಾಲು ಈ ಎರಡನೆಯದು. ಗುವಾನ್ ತೀರಿಕೊಂಡು ಮುನ್ನೂರು ವರ್ಷದ ಮೇಲೆ ಅಚ್ಚಾದ ಪುಸ್ತಕದಲ್ಲಷ್ಟೇ ಅದು ಸಿಗುವುದು. ಸಾಲು ಅದ್ಭುತವಾಗಿದೆ, ಒಪ್ಪೋಣ. ಅದರ ಶ್ರೇಯಸ್ಸು ಹೋಗಬೇಕಾದ ವಿಳಾಸ ಮಾತ್ರ ಬೇರೆ.

ಇನ್ನೊಂದು ಉದಾಹರಣೆ ಇನ್ನೂ ದೊಡ್ಡದು. ಜಿ ಜುನ್‌ಶಿಯಾಂಗ್‌ನ ‘ಝಾವೊ ಮನೆತನದ ಅನಾಥ’ ಯುವಾನ್ ಮುದ್ರಣದ ಮೂವತ್ತರಲ್ಲೂ ಇದೆ, ಝಾಂಗ್‌ನ ನೂರರಲ್ಲೂ ಇದೆ. ಯುವಾನ್ ಮುದ್ರಣದಲ್ಲಿ ಬರೀ ಹಾಡು, ನಾಲ್ಕೇ ಗೊಂಚಲು. ತನ್ನ ಕುಲವನ್ನೇ ಕೊಂದವನ ಸಾಕುಮಗನಾಗಿ ಬೆಳೆದ ಹುಡುಗ ನಾಲ್ಕನೆಯ ಗೊಂಚಲಿನ ಮೊದಲಲ್ಲಿ ಆ ಸಾಕುತಂದೆಯ ಜೊತೆ ಸೇರಿ ರಾಜ್ಯ ಕಬಳಿಸುವ ಕನಸು ಕಾಣುತ್ತಿರುತ್ತಾನೆ. ಸತ್ಯ ತಿಳಿದ ಮೇಲೆ ಸೇಡಿನ ಶಪಥ, ಅಲ್ಲಿಗೆ ಹಾಡು ಮುಗಿಯುತ್ತದೆ. ಸೇಡು ತೀರಿದ್ದನ್ನು ನಾವು ನೋಡುವುದೇ ಇಲ್ಲ. ಝಾಂಗ್‌ನ ಪಾಠದಲ್ಲಿ ಐದನೆಯ ಅಂಕ ಸೇರಿದೆ. ಅಲ್ಲಿ ರಾಜಾಜ್ಞೆಯ ಬೆಂಬಲದಲ್ಲಿ ಖಳನನ್ನು ಹಿಡಿದು ಶಿಕ್ಷಿಸುತ್ತಾರೆ, ಹುಡುಗನಿಗೆ ಮನೆತನದ ಹೆಸರು, ಮಡಿದವರಿಗೆ ಗೌರವ. ರಾಜದ್ರೋಹದ ಕನಸು ಮಾಯ. ಖಾಸಗಿ ಸೇಡು ಸರಕಾರಿ ನ್ಯಾಯವಾಗಿಬಿಟ್ಟಿದೆ. ಈ ಬದಲಾವಣೆಯೆಲ್ಲ ಝಾಂಗ್ ಒಬ್ಬನ ಕೆಲಸ ಎನ್ನಬೇಡಿ. ಅರಮನೆಯ ಪಾಠದಲ್ಲೇ ಎಷ್ಟು ಆಗಿತ್ತು, ಅವನು ಎಷ್ಟು ಸೇರಿಸಿದ ಎಂದು ಪ್ರತಿ ನಾಟಕಕ್ಕೂ ಬೇರೆ ಬೇರೆಯಾಗಿ ಅಳೆಯಬೇಕಾಗುತ್ತದೆ. ವಿಮರ್ಶಕರು ಇಲ್ಲಿ ಎಡವುವುದು ಹೆಚ್ಚು.

ಝಾಂಗ್‌ನ ಮುನ್ನುಡಿಯಲ್ಲಿ ಒಂದು ಕಟ್ಟುಕಥೆಯೂ ಇದೆ. ಯುವಾನ್ ಸರಕಾರ ನಾಟಕದ ಹಾಡು ಬರೆಸಿಯೇ ಅಧಿಕಾರಿಗಳನ್ನು ಆರಿಸುತ್ತಿತ್ತು, ಹನ್ನೆರಡು ವಿಷಯಗಳ ಪರೀಕ್ಷೆ ಇತ್ತು, ಆದ್ದರಿಂದಲೇ ಗುವಾನ್‌ನಂಥವರು ಮುಖಕ್ಕೆ ಬಣ್ಣ ಹಚ್ಚಿ ತಾವೇ ರಂಗಕ್ಕಿಳಿಯಲೂ ಹೇಸಲಿಲ್ಲ ಎಂದು. ಸುಳ್ಳು. ಯುವಾನ್ ಅರಸರು ಪರೀಕ್ಷೆಯನ್ನು ದಶಕಗಳ ಕಾಲ ನಡೆಸಲೇ ಇಲ್ಲ. 1315ರಲ್ಲಿ ಮತ್ತೆ ಶುರುಮಾಡಿದಾಗ ಅದರಲ್ಲಿ ನಾಟಕದ ಹಾಡು ವಿಷಯವಾಗಿರಲಿಲ್ಲ. ಆ ‘ಹನ್ನೆರಡು’ ಝು ಚುವಾನ್ ಮಾಡಿದ್ದ ಝಾಜುವಿನ ಹನ್ನೆರಡು ಬಗೆಗಳ ನೆನಪೇ ಇರಬೇಕು. ಆದರೆ ಮಾರುವವನ ಲೆಕ್ಕದಲ್ಲಿ ಈ ಸುಳ್ಳು ಚೊಕ್ಕಟವಾಗಿತ್ತು. ಸೂಳೆಗೇರಿಯ ವಾಸನೆಯ ಪುಸ್ತಕವನ್ನು ಕೊಳ್ಳಲು ಮುಜುಗರಪಡುವ ವಿದ್ಯಾವಂತನಿಗೆ, ಇದು ಪರೀಕ್ಷೆಯ ಪಠ್ಯವೇ ಆಗಿತ್ತಪ್ಪಾ ಎಂದು ಹೇಳಿದಂತಾಯಿತು.

ಸಮಕಾಲೀನರು ಕಣ್ಣು ಮುಚ್ಚಿ ಕೂರಲಿಲ್ಲ. ವಾಂಗ್ ಜಿದೆ ಎಂಬ ಛಂದಃಶಾಸ್ತ್ರಜ್ಞ, ಒಳ್ಳೆಯವು ಹತ್ತಕ್ಕೆ ಏಳೆಂಟು ಇಲ್ಲಿ ಬಂದಿವೆ, ಆದರೆ ನೂರು ತುಂಬಿಸುವ ಆಸೆಗೆ ಮಧ್ಯಮ ಕುದುರೆಗಳನ್ನೂ ಲಾಯಕ್ಕೆ ಸೇರಿಸಿದ್ದಾನೆ, ಮುತ್ತಿನ ಜೊತೆ ಮೀನಿನ ಕಣ್ಣು ಬೆರೆತಿದೆ, ಪದಗಳನ್ನು ಬಹಳ ಕಡೆ ಬದಲಿಸಿ ಮೂಲ ಕೆಡಿಸಿದ್ದಾನೆ ಎಂದು ಬರೆದ. 18ನೇ ಶತಮಾನದ ಸಂಗೀತಜ್ಞ ಯೆ ತಾಂಗ್ ಇನ್ನೂ ಖಾರ: ಈ ಝಾಂಗ್ ಬರೀ ಹುಂಬ, ಯುವಾನ್‌ನ ಎಷ್ಟೋ ಒಳ್ಳೆಯ ಹಾಡುಗಳನ್ನು ಹೂತುಹಾಕಿದ. 1633ರಲ್ಲಿ ಮೆಂಗ್ ಚೆಂಗ್‌ಶುನ್ ಹೆಚ್ಚು ಉಪಯೋಗದ ಕೆಲಸ ಮಾಡಿದ. 56 ನಾಟಕಗಳನ್ನು ಎರಡು ಕಟ್ಟಾಗಿ ವಿಂಗಡಿಸಿದ, ಮೃದುವಾದವು ‘ವಿಲೋ ಕೊಂಬೆ’ಯಲ್ಲಿ, ಗಡುಸಾದವು ‘ನದಿಗೆ ತರ್ಪಣ’ದಲ್ಲಿ. ಪುಟದ ಅಂಚಿನಲ್ಲಿ ಹಳೆಯ ಪಾಠ ಹೀಗಿತ್ತು, ಝಾಂಗ್ ಹೀಗೆ ಮಾಡಿದ ಎಂಬ ಟಿಪ್ಪಣಿ ಹಾಕಿದ. ‘ದೌ ಎ’ ಎರಡನೆಯ ಕಟ್ಟಿನಲ್ಲಿದೆ. ಪಾಠಾಂತರ ಬೇಕಾದವರಿಗೆ ಇದು ಚಿನ್ನ.

ಆದರೂ ಗೆದ್ದದ್ದು ಝಾಂಗ್. ಕಾರಣ ಕಷ್ಟದ್ದಲ್ಲ. ನೂರು ನಾಟಕ ಒಂದೇ ಕಡೆ, ಎಲ್ಲಕ್ಕೂ ಪೂರ್ತಿ ಮಾತು, ಚಿತ್ರಗಳು, ಸ್ವಚ್ಛ ಅಚ್ಚು. ರಂಗ ಕಾಣದವನೂ ಓದಿ ಕಥೆ ಹಿಡಿಯಬಹುದು. ಬೇರೆ ಸಂಗ್ರಹಗಳು ಒಂದೊಂದಾಗಿ ದುರ್ಲಭವಾದವು. ‘ಶಿಶಿಯಾಂಗ್ ಜಿ’ (ಪಶ್ಚಿಮ ಕೋಣೆಯ ಕಥೆ) ಎಂಬ ಯುವಾನ್ ನಾಟಕದ ಹಾದಿ ಮಾತ್ರ ಬೇರೆ. ಅದು ಐದು ಭಾಗದ ಉದ್ದನೆಯ ಪ್ರೇಮಕಥೆ, ಎಂದೂ ಜನಪ್ರಿಯತೆ ಕಳೆದುಕೊಂಡದ್ದಲ್ಲ. 1498ರ ಬೀಜಿಂಗ್ ಮುದ್ರಣವೇ ಛತ್ರದಲ್ಲಿ, ದೋಣಿಯಲ್ಲಿ ಕೂತವರು ಓದಿ ಹಾಡಿಕೊಳ್ಳಲಿ ಎಂದು ದೊಡ್ಡ ಅಕ್ಷರ, ಚಿತ್ರ ಸಮೇತ ಬಂದಿತ್ತು. 1656ರಲ್ಲಿ ವಿಮರ್ಶಕ ಜಿನ್ ಶೆಂಗ್‌ತಾನ್ ಅದನ್ನು ‘ಆರನೆಯ ಪ್ರತಿಭಾಗ್ರಂಥ’ ಎಂದು ಝುವಾಂಗ್‌ಝಿ, ದು ಫು ಮೊದಲಾದ ಪ್ರಾಚೀನ ಮಹಾ ಲೇಖಕರ ಪಂಕ್ತಿಯಲ್ಲಿ ಕೂರಿಸಿ ಸಾಲು ಸಾಲಿಗೆ ವ್ಯಾಖ್ಯಾನ ಬರೆದ. ಐದನೆಯ ಭಾಗ ಬೇರೆಯವರದು ಎಂದು ತಳ್ಳಿ, ನಾಲ್ಕನೆಯ ಭಾಗದ ಕೊನೆಯ ಬೆಚ್ಚಿಬೀಳಿಸುವ ಕನಸಿಗೇ ಕಥೆ ಮುಗಿಯಬೇಕೆಂದ. ನಾಟಕವನ್ನು ಪ್ರಬಂಧದಂತೆ ಬಿಡಿಸಿ ಓದುವ ಪಾಠ ಹೇಳಿಕೊಟ್ಟವನು ಅವನು. 1661ರಲ್ಲಿ ಸುಝೌನ ವಿದ್ಯಾರ್ಥಿಗಳ ಪ್ರತಿಭಟನೆಯ ಪ್ರಕರಣದಲ್ಲಿ ಅವನ ತಲೆ ಕಡಿದರು.

ಚಿಂಗ್ ಕಾಲದಲ್ಲಿ (1644–1912) ಅಧಿಕೃತ ಮನ್ನಣೆ ಸಿಗಲಿಲ್ಲ. 1770ರ ದಶಕದಲ್ಲಿ ಚಕ್ರವರ್ತಿ ಮಾಡಿಸಿದ ಬೃಹತ್ ಗ್ರಂಥಭಂಡಾರದಲ್ಲಿ ನಾಟಕಗಳಿಗೆ ಜಾಗವಿರಲಿಲ್ಲ. ವಿಚಿತ್ರವೆಂದರೆ ಅದೇ ಶತಮಾನದಲ್ಲಿ ಯುರೋಪಿನಲ್ಲಿ ಯುವಾನ್ ನಾಟಕ ಓದಿಸಿಕೊಳ್ಳುತ್ತಿತ್ತು. ಜೆಸೂಟ್ ಪಾದ್ರಿ ಪ್ರೆಮಾರ್ 1731ರಲ್ಲಿ ‘ಝಾವೊ ಮನೆತನದ ಅನಾಥ’ವನ್ನು ಫ್ರೆಂಚಿಗೆ ಮಾಡಿದ, 1735ರಲ್ಲಿ ಅಚ್ಚಾಯಿತು. ಅವನ ಮುಂದಿದ್ದದ್ದು ಝಾಂಗ್‌ನ ಸಂಗ್ರಹವೇ. ಹಾಡು ಕಠಿಣವೆಂದು ಬಿಟ್ಟು ‘ಇಲ್ಲಿ ಹಾಡುತ್ತಾನೆ’ ಎಂದಷ್ಟೇ ಬರೆದ. ಯುವಾನ್ ಮುದ್ರಣದಲ್ಲಿ ಹಾಡು ಮಾತ್ರ ಇತ್ತು, ಪ್ಯಾರಿಸ್ ಮುಟ್ಟುವಾಗ ಮಾತು ಮಾತ್ರ ಉಳಿಯಿತು! ಅದನ್ನು ಓದಿಯೇ ವೋಲ್ಟೇರ್ 1755ರಲ್ಲಿ ತನ್ನ ಚೀನೀ ಅನಾಥನ ನಾಟಕ ಬರೆದ. 1832ರಲ್ಲಿ ಫ್ರೆಂಚ್ ವಿದ್ವಾಂಸ ಜೂಲಿಯೆನ್ ಅನುವಾದಿಸಿದ ‘ಸುಣ್ಣದ ವೃತ್ತ’ವೂ ಝಾಂಗ್‌ನ ಪಾಠದ್ದು. ಬ್ರೆಕ್ಟ್‌ನ ಕಾಕೇಶಿಯನ್ ಚಾಕ್ ಸರ್ಕಲ್ ಆಡಿದ, ನೋಡಿದ ಕನ್ನಡ ರಂಗದವರು ಹೀಗೆ ಗೊತ್ತಿಲ್ಲದೆಯೇ ಝಾಂಗ್‌ನ ಪುಸ್ತಕದ ತುದಿ ಮುಟ್ಟಿದ್ದಾರೆ.

ಪಟ್ಟಾಭಿಷೇಕ ನಡೆದದ್ದು ಕ್ಯೋಟೋದಲ್ಲಿ. 1911ರ ಕ್ರಾಂತಿಯ ನಂತರ ಜಪಾನಿಗೆ ಹೋದ ವಾಂಗ್ ಗುವೊವೇ 1912ರ ಕೊನೆಗೆ ಕೂತು ಮೂರೇ ತಿಂಗಳಲ್ಲಿ ಸೊಂಗ್-ಯುವಾನ್ ನಾಟಕದ ಚರಿತ್ರೆ ಬರೆದ, ಹದಿನಾರು ಅಧ್ಯಾಯ. ಮೂರು ತಿಂಗಳ ಹಿಂದೆ ವರ್ಷಗಟ್ಟಲೆ ಮಾಡಿದ್ದ ನಾಟಕಪಟ್ಟಿಗಳ, ಆಕರಗಳ ಕೆಲಸವಿತ್ತು ಅನ್ನಿ. ಕಾಂಟ್, ಶೋಪೆನ್‌ಹವರ್ ಓದಿಕೊಂಡಿದ್ದ ಮನುಷ್ಯ. ಪುಸ್ತಕದ ಮೊದಲ ಸಾಲುಗಳಲ್ಲೇ ಒಂದೊಂದು ಕಾಲಕ್ಕೆ ಒಂದೊಂದು ಸಾಹಿತ್ಯ ಎಂದು ಸಾರಿ, ತಾಂಗ್‌ಗೆ ಕವಿತೆ, ಸೊಂಗ್‌ಗೆ ತ್ಸಿ ಗೀತೆ, ಯುವಾನ್‌ಗೆ ನಾಟಕದ ಹಾಡು ಎಂದು ಸಾಲು ಹಚ್ಚಿದ. ಈ ಮಾತಿನ ಬೀಜ ಚಿಂಗ್ ಪಂಡಿತ ಜಿಯಾವೊ ಶುನ್‌ನಲ್ಲಿ ಇತ್ತು, ವಾಂಗ್ ಅದನ್ನು ರಾಷ್ಟ್ರೀಯ ಸೂತ್ರವಾಗಿಸಿದ. ಪರೀಕ್ಷೆಯ ಕಟ್ಟುಕಥೆಯನ್ನು ವಾದಿಸುವುದಕ್ಕೂ ಅನರ್ಹ ಎಂದು ಬದಿಗೆ ಸರಿಸಿದ. ಗುವಾನ್‌ನನ್ನು ಯಾರ ಆಸರೆಯೂ ಇಲ್ಲದೆ ತನ್ನ ಮಾತನ್ನು ತಾನೇ ಎರಕಹೊಯ್ದವನು, ಯುವಾನ್ ಕವಿಗಳಲ್ಲಿ ಮೊದಲಿಗ ಎಂದ. ಝು ಚುವಾನ್‌ನ ದರ್ಜೆಪಟ್ಟಿ ಅಲ್ಲಿಗೆ ಬುಡಮೇಲಾಯಿತು. ‘ದೌ ಎ’ ಮತ್ತು ‘ಝಾವೊ ಮನೆತನದ ಅನಾಥ’ ಎರಡರಲ್ಲೂ ನಾಯಕರು ತಮ್ಮ ಇಚ್ಛೆಯಿಂದಲೇ ಬೆಂಕಿಗೆ ನಡೆಯುತ್ತಾರೆ, ಆದ್ದರಿಂದ ಜಗತ್ತಿನ ಮಹಾ ದುರಂತಗಳ ನಡುವೆ ಇಟ್ಟರೂ ಇವು ನಾಚಬೇಕಿಲ್ಲ ಎಂದು ಬರೆದ. ಝಾಂಗ್‌ನ ಹತ್ತು ಕಟ್ಟುಗಳಲ್ಲಿ ಈ ಎರಡೂ ಇದ್ದದ್ದು ಒಂಬತ್ತನೆಯದರಲ್ಲಿ. ಮೊಟ್ಟಮೊದಲ ನಾಟಕವಾಗಿ ಅವನು ಕೂರಿಸಿದ್ದು ಮಾ ಝಿಯುವಾನ್‌ನ ‘ಹಾನ್ ಅರಮನೆಯ ಶರತ್ಕಾಲ’ವನ್ನು.

ಯುವಾನ್ ನಾಟಕದ ಹೆಚ್ಚುಗಾರಿಕೆ ಒಂದೇ ಮಾತಲ್ಲಿ ‘ಸಹಜತೆ’ ಎಂಬುದು ವಾಂಗ್‌ನ ಪ್ರಸಿದ್ಧ ತೀರ್ಪು. ಕಥಾಸಂವಿಧಾನ ಒಡ್ಡಾದರೆ ಅವರು ಚಿಂತಿಸಲಿಲ್ಲ, ಪಾತ್ರ ಹೊಂದದಿದ್ದರೆ ತಲೆಕೆಡಿಸಿಕೊಳ್ಳಲಿಲ್ಲ, ಎದೆಯಲ್ಲಿದ್ದದ್ದನ್ನು ಹಾಗೇ ಬರೆದರು ಎಂಬ ವಾದ. ವಾಂಗ್ ಮುಖ್ಯವಾಗಿ ಓದಿದ್ದು ಝಾಂಗ್‌ನ ಪಾಠ, ಹತ್ತಾರು ಕೈ ದಾಟಿ, ಅರಮನೆಯಲ್ಲಿ ಸೋಸಿ, ಪಂಡಿತನೊಬ್ಬ ತೂಗಿ ಕೂರಿಸಿದ ಪಾಠ. ಅದರಲ್ಲಿ ಸಹಜತೆ ಕಾಣುವುದು ಸುಳ್ಳಲ್ಲ, ಆದರೆ ಅದು ಬಹಳ ಶ್ರಮದ ಸಹಜತೆ. ಇನ್ನೊಂದು ಮಾತು: 1925ರಲ್ಲಿ ಜಪಾನಿನ ಆವೊಕಿ ಮಸಾರು ಮಿಂಗ್-ಚಿಂಗ್ ನಾಟಕಗಳ ಬಗ್ಗೆ ಬರೆಯುತ್ತೇನೆಂದು ಹೋದಾಗ ವಾಂಗ್, ಯುವಾನ್ ನಾಟಕ ಜೀವಂತ ಸಾಹಿತ್ಯ, ಮಿಂಗ್-ಚಿಂಗ್‌ನವು ಸತ್ತವು ಎಂದನಂತೆ. ಹಾಗನ್ನುವಾಗ ರಂಗದ ಮೇಲೆ ಉಸಿರಾಡುತ್ತಿದ್ದದ್ದು ‘ಸತ್ತ’ ಮಿಂಗ್ ಪರಂಪರೆಯ ಹಾಡುನಾಟಕ ಶೈಲಿ ಕುನ್‌ಚು. ಝಾಜುವಿನಿಂದ ಉಳಿದದ್ದು ಗುವಾನ್‌ನದೇ ‘ಒಂಟಿ ಕತ್ತಿಯ ಸಭೆ’ಯಂಥ ಬೆರಳೆಣಿಕೆಯ ದೃಶ್ಯಗಳು, ಅವೂ ಕುನ್‌ಚು ನಟರ ಬಾಯಲ್ಲಿ.

ವಾಂಗ್ ಬರೆದ ನಂತರ ಹಳೆಯ ಪಾಠಗಳು ಬೆಳಕಿಗೆ ಬರತೊಡಗಿದವು. ಗ್ರಂಥಸಂಗ್ರಾಹಕ ಹುವಾಂಗ್ ಪಿಲಿಯೆ ಜೋಪಾನ ಮಾಡಿದ್ದ ಯುವಾನ್ ಮುದ್ರಣದ ಮೂವತ್ತು ನಾಟಕಗಳನ್ನು ಕ್ಯೋಟೋ ವಿಶ್ವವಿದ್ಯಾಲಯ 1914ರಲ್ಲಿ ಮತ್ತೆ ಮರದಲ್ಲಿ ಕೆತ್ತಿಸಿ ಹೊರತಂದಿತು. 1938ರಲ್ಲಿ, ಜಪಾನಿ ಯುದ್ಧದ ನಡುವೆ, ವಿದ್ವಾಂಸ ಝೆಂಗ್ ಝೆಂದುವೊ 242 ನಾಟಕಗಳ ಒಂದು ದೊಡ್ಡ ಕಟ್ಟನ್ನು ಸರಕಾರಕ್ಕಾಗಿ ಚೀನೀ ಹಣ 9,000 ಯುವಾನ್‌ಗೆ ಕೊಂಡ. ಅದು ಝಾವೊ ಚಿಮೇ (1563–1624) ನಕಲು ಮಾಡಿಸಿ ತಿದ್ದಿದ ಸಂಗ್ರಹ. ಅರಮನೆಯ ಪಾಠಗಳು ಅದರಲ್ಲಿ ಹೇರಳ, ಹಲವದರ ಕೊನೆಗೆ ಯಾವ ಪಾತ್ರಕ್ಕೆ ಯಾವ ಟೋಪಿ, ಯಾವ ನಿಲುವಂಗಿ, ಎಂಥ ಗಡ್ಡ ಎಂಬ ವೇಷದ ಪಟ್ಟಿ ಸಮೇತ. ಅದರಲ್ಲಿ ಬೇರೆಲ್ಲೂ ಸಿಗದ 144 ನಾಟಕಗಳು 1941ರಲ್ಲಿ ಅಚ್ಚಾದವು. 1959ರಲ್ಲಿ ಸುಯ್ ಶುಸೆನ್ ಝಾಂಗ್‌ನ ನೂರರ ಹೊರಗಿನ 62 ನಾಟಕಗಳನ್ನು ಪುರವಣಿಯಾಗಿ ಕೊಟ್ಟ. ಅದರ ಹಿಂದಿನ ವರ್ಷ ವಿಶ್ವ ಶಾಂತಿ ಮಂಡಳಿಯ ಕರೆಯಂತೆ ಗುವಾನ್‌ನ ‘700ನೇ ವರ್ಷ’ ಆಚರಣೆ ನಡೆದಿತ್ತು. ಅದು ಹುಟ್ಟಿದ್ದಕ್ಕೋ ಸತ್ತದ್ದಕ್ಕೋ ಅಲ್ಲ, ಬರೆಯತೊಡಗಿದ್ದಕ್ಕೆ, ಏಕೆಂದರೆ ಹುಟ್ಟು-ಸಾವಿನ ವರ್ಷಗಳು ದಾಖಲೆಯಲ್ಲಿಲ್ಲ. ನಾಟಕಕಾರ ತಿಯಾನ್ ಹಾನ್ ಅದೇ ಸಂದರ್ಭಕ್ಕೆ ‘ದೌ ಎ’ ಬರೆಯುವ ಗುವಾನ್‌ನನ್ನೇ ನಾಯಕನಾಗಿಸಿ ನಾಟಕ ಬರೆದ. ದಬ್ಬಾಳಿಕೆಗೆ ಎದೆಕೊಟ್ಟ ಜನಕವಿ ಎಂಬ ಚಿತ್ರ ನಿಮ್ಮ ಅನುವಾದದ ಮುನ್ನುಡಿಗೆ ಹರಿದುಬಂದದ್ದು ಇಲ್ಲಿಂದ.

ಇನ್ನು ನಿಮ್ಮ ಕೆಲಸ. ಪ್ರಯೋಗಕ್ಕೆ ಝಾಂಗ್‌ನ ಪಾಠ ಹಿಡಿಯಿರಿ, ಅಳುಕು ಬೇಡ. ಮಾತು ಪೂರ್ತಿ ಇದೆ, ಅಂಕದ ಕಟ್ಟು ಭದ್ರ, ವಧಾಸ್ಥಾನದ ಹಾಡು ರಂಗದಲ್ಲಿ ಸಿಡಿಯುತ್ತದೆ. ಕರಪತ್ರದಲ್ಲಿ ಮಾತ್ರ ‘13ನೇ ಶತಮಾನದ ನಾಟಕ, 1616ರ ಪಾಠ’ ಎಂದು ಹಾಕಿ. ಪಕ್ಕದಲ್ಲಿ ಹಳೆಯ ಪಾಠ ಇಟ್ಟುಕೊಂಡು ಒಂದು ಸಲ ಹೋಲಿಸಿ. ವಿಲ್ಟ್ ಇಡೆಮಾ ಮತ್ತು ಸ್ಟೀಫನ್ ವೆಸ್ಟ್ 2010ರಲ್ಲಿ ಪ್ರಕಟಿಸಿದ ಹನ್ನೊಂದು ನಾಟಕಗಳ ಇಂಗ್ಲಿಷ್ ಸಂಪುಟದಲ್ಲಿ ‘ದೌ ಎ’ ಝಾಂಗ್‌ಗಿಂತ ಹಿಂದಿನ ಪಾಠದಿಂದ ಬಂದಿದೆ. ಯುವಾನ್ ಮುದ್ರಣದ ‘ಅನಾಥ’ ಅವರದೇ 2015ರ ಸಂಪುಟದಲ್ಲಿದೆ.

ರೂಪಾಂತರಕಾರರು ಸಾಮಾನ್ಯವಾಗಿ ಮೂರು ಕಡೆ ಕೆಡಿಸುತ್ತಾರೆ. ಹಾಡನ್ನು ಎಲ್ಲ ಪಾತ್ರಗಳಿಗೂ ಹಂಚುವುದು ಮೊದಲನೆಯದು. ಈ ನಾಟಕದಲ್ಲಿ ನಾಲ್ಕೂ ಅಂಕ ಹಾಡುವವಳು ದೌ ಎ ಒಬ್ಬಳೇ, ಕೊನೆಯದರಲ್ಲಿ ಪ್ರೇತವಾಗಿ. ಬೆಣೆಯಲ್ಲಿ ಮಾತ್ರ ತಂದೆ ಹಾಡುತ್ತಾನೆ, ಏಕೆಂದರೆ ಆಗ ಅವಳಿಗೆ ಏಳು ವರ್ಷ. ಹಾಡು ಹಂಚಿದಿರೋ, ಸುತ್ತ ಎಲ್ಲರೂ ಮಾತಾಡುತ್ತಿರುವಾಗ ಒಳಗಿನದು ಬಿಚ್ಚಿಡುವ ಹಕ್ಕು ಇವಳೊಬ್ಬಳಿಗೇ ಇದೆ ಎಂಬ ಬಿಗಿ ಸಡಿಲವಾಗುತ್ತದೆ. ಎರಡನೆಯದು ಬೆಣೆಯನ್ನೇ ಕತ್ತರಿಸುವುದು. ಇಪ್ಪತ್ತು ಲಿಯಾಂಗ್ (ಚೀನೀ ತೂಕ) ಬೆಳ್ಳಿಯ ಸಾಲ ಬಡ್ಡಿ ಸೇರಿ ನಲವತ್ತಾಗಿ, ಬಡ ವಿದ್ವಾಂಸ ಮಗಳನ್ನೇ ಸಾಲ ಕೊಟ್ಟವಳಿಗೆ ಸೊಸೆಯಾಗಿ ಒಪ್ಪಿಸಿ ಮೇಲೆ ಹತ್ತು ಲಿಯಾಂಗ್ ದಾರಿಖರ್ಚು ಪಡೆದು ಪರೀಕ್ಷೆಗೆ ಹೋಗುವುದು ಅಲ್ಲಿಯೇ. ಅದು ಹೋದರೆ, ಹದಿನಾರು ವರ್ಷದ ಮೇಲೆ ನ್ಯಾಯಾಧಿಕಾರಿಯಾಗಿ ಬಂದ ಅದೇ ತಂದೆ ದೀಪದ ಕೆಳಗೆ ಕಡತ ಓದುವಾಗ, ಪ್ರೇತ ಬತ್ತಿ ಕುಗ್ಗಿಸಿ ತನ್ನ ಕಡತವನ್ನು ಮತ್ತೆ ಮತ್ತೆ ಮೇಲಕ್ಕಿಡುವ ದೃಶ್ಯಕ್ಕೆ ತೂಕವೇ ಬರುವುದಿಲ್ಲ.

ಮೂರನೆಯದು ‘ದುರಂತ’ ಎಂಬ ಹೆಸರಿಗೆ ಕಟ್ಟುಬಿದ್ದು, ಮೂರನೆಯ ಅಂಕದಲ್ಲಿ ಅವಳ ಸಾವಿನ ಹೊತ್ತಿಗೆ ಬೀಳುವ ‘ಜೂನ್ ಹಿಮ’ದಲ್ಲೇ ತೆರೆ ಎಳೆಯುವುದು. ‘ದುರಂತ’ ವಾಂಗ್ ಗುವೊವೇ ಕೊಟ್ಟ ಹೆಸರು, ನಾಟಕ ತಾನೇ ಕೇಳಿದ್ದಲ್ಲ. ಅಂದಹಾಗೆ ಮೂಲದಲ್ಲಿರುವುದು ಚಾಂದ್ರಮಾನದ ಆರನೆಯ ತಿಂಗಳು. ಅಂದರೆ ಸುಡುಬೇಸಿಗೆ. ಜೂನ್ ಎಂದು ಬರೆದರೆ ನಮ್ಮ ಪ್ರೇಕ್ಷಕರಿಗೆ ಮಳೆಗಾಲ ನೆನಪಾಗುತ್ತದೆ. ‘ಕಡುಬೇಸಿಗೆಯ ಹಿಮ’ ಎಂದೇ ಬರೆಯಿರಿ.